ಮೆಕ್ಕೆಜೋಳ ಸುಟ್ಟು ಮನೆ ಬೆಚ್ಚಗಿಡುವುದು

ಮೆಕ್ಕೆಜೋಳದ ಫರ್ನೇಸ್, ಅಂದರೆ ಕಾಳನ್ನೇ ಸುಟ್ಟು ಮನೆ ಬಿಸಿ ಮಾಡುವ ಯಂತ್ರ, ಹಾಕಿಸಬೇಕೆಂದಿರುವವರು ಮೊದಲು ಕೇಳುವುದು ಯಾವ ಕಂಪನಿಯದು ಒಳ್ಳೆಯದು ಎಂದು. ಅದು ಆಮೇಲಿನ ಮಾತು. ನಿಮ್ಮ ರಸ್ತೆಗೆ ನ್ಯಾಚುರಲ್ ಗ್ಯಾಸ್ ಪೈಪ್ ಬಂದಿದ್ದರೆ ಈ ಗೋಜಿಗೇ ಹೋಗಬೇಡಿ, ಮುಂದಿನದನ್ನು ಕುತೂಹಲಕ್ಕೆ ಕೇಳಿ. ಅಮೆರಿಕದ ಅಯೋವಾ, ಮಿನೆಸೋಟ, ನೆಬ್ರಾಸ್ಕಾದಂಥ ಕಡೆ ಊರಾಚೆ ಮನೆ ಮಾಡಿಕೊಂಡು, ಚಳಿಗಾಲ ಪೂರ್ತಿ ಪ್ರೊಪೇನ್ ಟ್ಯಾಂಕರ್ ದಾರಿ ಕಾಯುವವರಿಗೆ ಹೊಂದುವ ಯಂತ್ರ ಇದು. ಅಂಥ ಮನೆಯ ಸುತ್ತ ಹೇಗೂ ಮೆಕ್ಕೆಜೋಳದ ಹೊಲಗಳೇ ಇರುತ್ತವೆ. ಒಣ ಕಾಳು ಕೊಡುವವರು ಹತ್ತಿರವಿದ್ದು, ದಿನಾ ಬೂದಿ ತೆಗೆಯಲು ಮನೆಯಲ್ಲಿ ಒಬ್ಬರು ಒಪ್ಪಿದರೆ ಆಗ ಲೆಕ್ಕಕ್ಕೆ ಕೂರಬಹುದು.

ಲೆಕ್ಕ ಕಷ್ಟದ್ದೇನಲ್ಲ. ಒಂದು ಬುಷೆಲ್ ಕಾಳು ಎಂದರೆ 56 ಪೌಂಡ್, ಕಿಲೋದಲ್ಲಿ 25.4. ಶೇ. 15ರ ಆಸುಪಾಸು ತೇವಾಂಶ ಇರುವ ಕಾಳು ಪೌಂಡಿಗೆ ಸುಮಾರು 7,000 ಬಿಟಿಯು ಶಾಖ ಕೊಡುತ್ತದೆ (ಬಿಟಿಯು ಅಲ್ಲಿನ ಶಾಖದ ಅಳತೆ). ಅದರಲ್ಲಿ ಶೇ. 80 ಮನೆಗೆ ಸೇರಿತು, ಉಳಿದದ್ದು ಹೊಗೆಕೊಳವೆಯ ಪಾಲಾಯಿತು ಅಂದುಕೊಳ್ಳಿ. ಹಾಗಾದರೆ 10 ಲಕ್ಷ ಬಿಟಿಯು ಶಾಖಕ್ಕೆ ಮೂರೂಕಾಲು ಬುಷೆಲ್ ಬೇಕು. ಅಷ್ಟೇ ಶಾಖಕ್ಕೆ ಒಳ್ಳೆಯ ಫರ್ನೇಸಿನಲ್ಲಿ ಪ್ರೊಪೇನ್ 12 ಗ್ಯಾಲನ್ ಹಿಡಿಯುತ್ತದೆ, ನ್ಯಾಚುರಲ್ ಗ್ಯಾಸ್ ಹತ್ತೂವರೆ ಥರ್ಮ್ (ಥರ್ಮ್ ಎಂದರೆ ಒಂದು ಲಕ್ಷ ಬಿಟಿಯು), ಬರೀ ಕಾಯಿಲ್ ಹೀಟರ್ ಆದರೆ ಕರೆಂಟು 293 ಯೂನಿಟ್. ಈ ನಾಲ್ಕು ಸಂಖ್ಯೆ ಬರೆದಿಟ್ಟುಕೊಳ್ಳಿ. ಬೆಲೆ ವರ್ಷವರ್ಷ ಬದಲಾಗುತ್ತದೆ, ಇವು ಬದಲಾಗುವುದಿಲ್ಲ. ಕಾಳು ಬುಷೆಲ್ಲಿಗೆ ನಾಲ್ಕೂವರೆ ಡಾಲರ್, ಪ್ರೊಪೇನ್ ಗ್ಯಾಲನ್‌ಗೆ ಎರಡು ಡಾಲರ್ ಇದ್ದರೆ 10 ಲಕ್ಷ ಬಿಟಿಯು ಶಾಖಕ್ಕೆ ಕಾಳಿನಲ್ಲಿ ಹದಿನಾಲ್ಕೂವರೆ ಡಾಲರ್ ಚಿಲ್ಲರೆ, ಪ್ರೊಪೇನ್‌ನಲ್ಲಿ 24. ಥರ್ಮ್‌ಗೆ ಒಂದು ಡಾಲರ್ 20 ಸೆಂಟ್ ಕೊಟ್ಟರೂ ಗ್ಯಾಸ್‌ನಲ್ಲಿ ಹನ್ನೆರಡೂವರೆಗೆ ಮುಗಿಯುತ್ತದೆ. ಗ್ಯಾಸ್ ಇದ್ದರೆ ಬೇಡ ಎಂದದ್ದು ಇದಕ್ಕೇ. ಹೀಟ್ ಪಂಪ್, ಅಂದರೆ ಹೊರಗಿನ ಶಾಖವನ್ನು ಕರೆಂಟಿನಿಂದ ಒಳಗೆಳೆಯುವ ಯಂತ್ರ, ಹಾಕಿಸಿರುವವರೂ ಒಮ್ಮೆ ಯೋಚಿಸಿ: ಒಂದು ಯೂನಿಟ್ ಕರೆಂಟಿಗೆ ಎರಡೂವರೆ ಯೂನಿಟ್ ಶಾಖ ಕೊಡುವ ಪಂಪ್ ಆದರೆ, ಯೂನಿಟ್ಟಿಗೆ 14 ಸೆಂಟ್ ದರದಲ್ಲಿ ಹದಿನಾರು ಡಾಲರ್ ಚಿಲ್ಲರೆ ಬೀಳುತ್ತದೆ. ಎರಡು ಡಾಲರ್ ಉಳಿಸಲು ಯಾರೂ ಬೂದಿ ಹೊರುವುದಿಲ್ಲ.

ಚಳಿಗಾಲಕ್ಕೆ 8 ಕೋಟಿ ಬಿಟಿಯು ಬೇಡುವ ಮನೆ ಇಟ್ಟುಕೊಳ್ಳಿ, ಆ ಸೀಮೆಗೆ ಅದು ತೀರಾ ದೊಡ್ಡ ಮನೆ ಏನಲ್ಲ. ಸುಮಾರು 260 ಬುಷೆಲ್ ಬೇಕು, ಆರೂವರೆ ಟನ್ನಿಗೂ ಮಿಕ್ಕಿ. ಅಯೋವಾದ ಎಕರೆ ಇಳುವರಿ ಈಗ 200 ಬುಷೆಲ್ ಆಸುಪಾಸು, ಹಾಗಾಗಿ ಒಂದೂಕಾಲು ಎಕರೆ ಚಿಲ್ಲರೆಯ ಬೆಳೆ ಒಂದು ಮನೆಯ ಚಳಿಗೆ. ಜಾಗ ಎಷ್ಟು ಬೇಕು? ಬುಷೆಲ್ಲಿಗೆ ಒಂದೂಕಾಲು ಘನ ಅಡಿಯಂತೆ 325 ಘನ ಅಡಿ. ರೈತರ ಬಳಿ ಇರುವ ಇಳಿಜಾರು ತಳದ ಧಾನ್ಯದ ಗಾಡಿಯೊಂದರಲ್ಲಿ 200–300 ಬುಷೆಲ್ ಹಿಡಿಯುತ್ತದೆ. ಹಳೆಯದೊಂದನ್ನು ಕೊಂಡು, ಮೇಲೆ ಟಾರ್ಪಾಲ್ ಬಿಗಿದು ಮನೆಯ ಹಿಂದೆ ನಿಲ್ಲಿಸಿಕೊಳ್ಳುವವರಿದ್ದಾರೆ. ಬಕೆಟ್ ಹಿಡಿದು ಬಾಗಿಲು ಎತ್ತಿದರೆ ಕಾಳು ತಾನೇ ಸುರಿಯುತ್ತದೆ. ಪೇಟೆಯಲ್ಲಿ ಇದಕ್ಕೆ ಆಸ್ಪದವಿಲ್ಲ. ವಾಷಿಂಗ್ಟನ್ ಪಕ್ಕದ ಟಕೋಮಾ ಪಾರ್ಕ್‌ನವರು ಅದಕ್ಕಾಗಿಯೇ ಹತ್ತಾರು ಮನೆಯವರು ಸೇರಿ ಊರಿಗೊಂದು ಕಣಜ ನಿಲ್ಲಿಸಿಕೊಂಡಿದ್ದರು.

ಬೆಲೆಯ ಮಾತು ಬಂದದ್ದಕ್ಕೆ ಸ್ವಲ್ಪ ಹಳೆಯ ಕಥೆ. 1930ರ ದಶಕದ ಆರಂಭದ ಮಹಾ ಕುಸಿತದಲ್ಲಿ ಬುಷೆಲ್ ಬೆಲೆ ಹತ್ತು ಸೆಂಟಿನ ಸುತ್ತ ಬಿದ್ದಾಗ ಅಯೋವಾ, ನೆಬ್ರಾಸ್ಕಾದ ರೈತರು ಕಲ್ಲಿದ್ದಲು ಕೊಳ್ಳುವುದು ಬಿಟ್ಟು ಜೋಳವನ್ನೇ ಒಲೆಗೆ ಹಾಕಿದರು. ಕಾಳನ್ನು ತಿರುಪಿನಿಂದ ಬೆಂಕಿಗೆ ತಳ್ಳುವ ಈಗಿನ ಯಂತ್ರಗಳ ಭರಾಟೆ 2005ರದ್ದು. ಕಾಳು ಎರಡು ಡಾಲರ್ ಆಜುಬಾಜು ಇತ್ತು, ಕತ್ರೀನಾ ಚಂಡಮಾರುತದ ಬೆನ್ನಿಗೆ ಗ್ಯಾಸ್ ಬೆಲೆ ಗಗನಕ್ಕೇರಿತು, ಸ್ಟೋವುಗಳಿಗೆ ಜನ ಸರದಿ ನಿಂತರು. ಆಮೇಲೆ ಎಥನಾಲ್ ಕಾರ್ಖಾನೆಗಳು ಎದ್ದವು. 2012ರ ಬರಗಾಲದಲ್ಲಿ ಕಾಳು ಎಂಟು ಡಾಲರ್ ದಾಟಿತು. ಕೊಂಡವರಲ್ಲಿ ಎಷ್ಟೋ ಜನ ಮರದ ಪೆಲೆಟ್‌ಗೆ, ಅಂದರೆ ಮರದ ಪುಡಿ ಒತ್ತಿ ಮಾಡಿದ ಗುಳಿಗೆಗೆ, ಹೊರಳಿದರು. ಆದ್ದರಿಂದ ಈಗ ಕೊಳ್ಳುವುದಾದರೆ ಜೋಳ, ಪೆಲೆಟ್ ಎರಡನ್ನೂ ಉರಿಸುವ ಯಂತ್ರವನ್ನೇ ಕೊಳ್ಳಿ. ಬರೀ ಜೋಳದ ಯಂತ್ರ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ಅನ್ನವನ್ನು ಬೆಂಕಿಗೆ ಹಾಕುವುದೇ ಎಂದು ಒಬ್ಬರಾದರೂ ಕೇಳುತ್ತೀರಿ. ಕೇಳಬೇಕಾದ್ದೇ. ಅಲ್ಲಿ ಬೆಳೆಯುವುದು ಹಳದಿ ಡೆಂಟ್ ಜಾತಿ, ತೆನೆ ಸುಟ್ಟು ತಿನ್ನುವ ಸಿಹಿಜೋಳ ಬೇರೆಯೇ. ದೇಶದ ಬೆಳೆಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಎಥನಾಲ್‌ಗೆ ಹೋಗುತ್ತದೆ, ದನ-ಹಂದಿ-ಕೋಳಿಗಳ ಮೇವಿಗೂ ದೊಡ್ಡ ಪಾಲು. ಒಂದು ಬುಷೆಲ್‌ನಿಂದ ತೆಗೆದ ಎಥನಾಲ್‌ನಲ್ಲಿ ಇರುವುದು ಎರಡು ಲಕ್ಷ ಚಿಲ್ಲರೆ ಬಿಟಿಯು. ಮೇವಿನ ಹಿಂಡಿ ಉಳಿಯುತ್ತದೆ, ನಿಜ. ಅದೇ ಬುಷೆಲ್ಲನ್ನು ನೇರ ಸುಟ್ಟರೆ ಸುಮಾರು ನಾಲ್ಕು ಲಕ್ಷ. ಕಾರಿಗೆ ಸುರಿಯುವುದಕ್ಕೆ ಬೇಸರವಿಲ್ಲದವರು ಇದಕ್ಕೆ ಮಾತ್ರ ಬೇಸರಿಸುವುದು ನನಗೆ ಸರಿ ಕಾಣುವುದಿಲ್ಲ, ಆದರೆ ಎರಡಕ್ಕೂ ಬೇಸರಿಸುವವರ ಜೊತೆ ನನ್ನ ವಾದವಿಲ್ಲ. ದಾವಣಗೆರೆ, ಹಾವೇರಿ ಕಡೆ ಕಾಳು ಮಂಡಿಗೆ ಹೋಗುತ್ತದೆ, ದಿಂಡು ಒಲೆಗೆ. ಅಮೆರಿಕದಲ್ಲೂ ದಿಂಡು ಸುಡಬಾರದೇ ಅಂದರೆ, ಅಲ್ಲಿ ಕಂಬೈನ್ ಯಂತ್ರ ಹೊಲದಲ್ಲೇ ಕಾಳು ಬಿಡಿಸಿ ದಿಂಡನ್ನು ಅಲ್ಲೇ ಉಗಿದುಬಿಡುತ್ತದೆ. ಅಲ್ಲದೆ ಒಂದೇ ಗಾತ್ರದ ಕಾಳು ನೀರಿನ ಹಾಗೆ ಹರಿದು ತಿರುಪಿಗೆ ಬೀಳುತ್ತದೆ, ದಿಂಡಿನ ಚೂರು ಸಿಕ್ಕಿಕೊಳ್ಳುತ್ತದೆ. ಈ ಯಂತ್ರದ ಹೂರಣವೆಲ್ಲ ಕಾಳು ಹರಿಯುವುದರಲ್ಲಿದೆ.

ಯಂತ್ರ ಹೀಗಿರುತ್ತದೆ. ಮೇಲೆ ಹಾಪರ್, ಕಾಳು ತುಂಬುವ ತೊಟ್ಟಿ. ಅದರ ಬುಡದಲ್ಲಿ ಆಗರ್, ಅಂದರೆ ಕೊಳವೆಯೊಳಗೆ ತಿರುಗುವ ಸುರುಳಿ ತಿರುಪು. ಅದು ಕ್ಷಣ ತಿರುಗಿ, ಕ್ಷಣ ನಿಂತು, ಹಿಡಿಯಷ್ಟು ಹಿಡಿಯಷ್ಟೇ ಕಾಳನ್ನು ಉರಿಬಟ್ಟಲಿಗೆ ತಳ್ಳುತ್ತದೆ. ಬಟ್ಟಲಿನ ಗೋಡೆಯಲ್ಲಿ ತೂತುಗಳಿರುತ್ತವೆ, ಗಾಳಿ ಬರುವುದು ಅಲ್ಲಿಂದ. ಫ್ಯಾನು ಎರಡು: ಒಂದು ಹೊಗೆಯನ್ನು ಹೊರಗೆ ಎಳೆಯುವುದು, ಇನ್ನೊಂದು ಕಾದ ಕಬ್ಬಿಣದ ಮೇಲಿಂದ ಮನೆಯ ಗಾಳಿಯನ್ನು ಹಾಯಿಸಿ ಕೋಣೆಗೋ, ಮನೆಯೆಲ್ಲ ಬಿಸಿಗಾಳಿ ಒಯ್ಯುವ ಡಕ್ಟಿಗೋ ಕಳಿಸುವುದು. ಈ ಎರಡು ಗಾಳಿ ಎಂದೂ ಬೆರೆಯಬಾರದು. ಕಾವಲಿಗೆ ಸ್ವಿಚ್ಚುಗಳಿವೆ: ಒಳಗೆ ಎಳೆತ ತಪ್ಪಿದರೆ ಕಾಳು ನಿಲ್ಲಿಸುವ ವ್ಯಾಕ್ಯೂಮ್ ಸ್ವಿಚ್, ಮೈ ಮಿತಿಮೀರಿ ಕಾದರೆ ಕಡಿಯುವ ಲಿಮಿಟ್ ಸ್ವಿಚ್. ನಡುಮನೆಯಲ್ಲಿ ನಿಲ್ಲುವ ಸ್ಟೋವು ಗಂಟೆಗೆ 40,000 ಬಿಟಿಯು ಆಸುಪಾಸು, ಬೇಸ್‌ಮೆಂಟ್‌ನಲ್ಲಿ ಡಕ್ಟಿಗೆ ಜೋಡಿಸುವ ಫರ್ನೇಸ್ ಒಂದು ಲಕ್ಷ, ಅದಕ್ಕೂ ಮೇಲೆ. ದೊಡ್ಡದು ಇರಲಿ ಬಿಡಿ ಎನ್ನಬೇಡಿ. ಜೋಳದ ಬೆಂಕಿಗೆ ತೀರಾ ಸಣ್ಣಗೆ ಉರಿಯುವುದು ಬರುವುದಿಲ್ಲ. ಅಕ್ಟೋಬರ್‌ನ ಎಳೆ ಚಳಿಯಲ್ಲಿ ದೊಡ್ಡ ಫರ್ನೇಸ್ ತೂಕಡಿಸುತ್ತಾ ಬಾಗಿಲ ಗಾಜು ಕಪ್ಪು ಮಾಡಿ, ಬಟ್ಟಲು ಕಟ್ಟಿಕೊಂಡು ಕೂರುತ್ತದೆ. ಎಳೆ ಚಳಿಯನ್ನು ಪ್ರೊಪೇನ್‌ನಲ್ಲೇ ಕಳೆದು, ಚಳಿ ಕಚ್ಚತೊಡಗಿದ ಮೇಲೆ ಜೋಳಕ್ಕೆ ಬನ್ನಿ.

ಹಳೆಯ ಪ್ರೊಪೇನ್ ಫರ್ನೇಸನ್ನು ಕೀಳಿಸಬೇಡಿ. ಜೋಳದ್ದನ್ನು ಅದರ ಪಕ್ಕದಲ್ಲಿ ಕೂರಿಸಿ, ಪ್ರೊಪೇನ್‌ನ ಥರ್ಮೋಸ್ಟಾಟನ್ನು ಎರಡು ಮೂರು ಡಿಗ್ರಿ ಕೆಳಗೆ ಇಡಿ. ಇದರ ಬೆಂಕಿ ಆರಿದರೆ ಅದು ಎದ್ದುಕೊಳ್ಳುತ್ತದೆ, ಪೈಪ್ ಹೆಪ್ಪುಗಟ್ಟುವುದಿಲ್ಲ. ಡಕ್ಟಿನಲ್ಲಿ ಒಂದರ ಗಾಳಿ ಇನ್ನೊಂದರೊಳಗೆ ಹಿಂದಕ್ಕೆ ನುಗ್ಗದಂತೆ ಡ್ಯಾಂಪರ್, ಅಂದರೆ ಗಾಳಿ ತಡೆಯುವ ತಗಡು, ಇರಲೇಬೇಕು. ಹೊಗೆಕೊಳವೆ ಮಾತ್ರ ಬೇರೆಬೇರೆ, ಗ್ಯಾಸ್ ಉಪಕರಣದ ಕೊಳವೆಗೆ ಇದನ್ನು ಸೇರಿಸುವ ಹಾಗಿಲ್ಲ.

ಆ ಕೊಳವೆಯ ಮೇಲೆ ಹಣ ಉಳಿಸಲು ಹೋಗಬೇಡಿ. ಕಾಳಿನಲ್ಲಿ ಶೇ. 8–9ರಷ್ಟು ಪ್ರೋಟೀನ್ ಇದೆ, ಪ್ರೋಟೀನ್ ಎಂದರೆ ಸಾರಜನಕ. ಅದು ಉರಿದು ಬಂದ ಹೊಗೆ ಕೊಳವೆಯ ತಣ್ಣನೆ ಗೋಡೆಗೆ ತಾಗಿ ನೀರಾದಾಗ ಆ ನೀರು ಆಮ್ಲ. ಪೆಲೆಟ್‌ಗೆಂದು ಮಾಡಿದ ಸಾಧಾರಣ ಕೊಳವೆಯನ್ನು ಅದು ಒಳಗಿನಿಂದ ತಿಂದುಹಾಕುತ್ತದೆ. ಜೋಳಕ್ಕೆಂದು ಮಾಡಿದ, ಎಎಲ್ 29-4ಸಿ ಎಂಬ ಸ್ಟೇನ್‌ಲೆಸ್ ಉಕ್ಕಿನ ಒಳಪದರದ ಕೊಳವೆ ಕೇಳಿ ತನ್ನಿ. ತಿರುವು ಕಡಿಮೆ ಇರಲಿ, ತಿರುವಿದ್ದಲ್ಲಿ ಬೂದಿ ತೆಗೆಯಲು ಮುಚ್ಚಳವಿರುವ ‘T’ ಆಕಾರದ ಕೊಳವೆ ತುಂಡು ಇರಲಿ. ಹೊರಬಾಯಿ ಕಿಟಕಿ ಬಾಗಿಲಿಂದ ಎಷ್ಟು ದೂರವಿರಬೇಕು ಎಂಬುದಕ್ಕೆ ಕೈಪಿಡಿಯಲ್ಲಿ ಬರೆದಿರುವುದೇ ಕಾನೂನು. ಉರಿಗೆ ಬೇಕಾದ ಗಾಳಿಯನ್ನೂ ಹೊರಗಿನಿಂದಲೇ ಪ್ರತ್ಯೇಕ ಪೈಪಿನಲ್ಲಿ ತನ್ನಿ. ಇಲ್ಲದಿದ್ದರೆ ಫ್ಯಾನು ನೀವು ಬಿಸಿ ಮಾಡಿದ ಗಾಳಿಯನ್ನೇ ಹೊರಗೆ ದಬ್ಬುತ್ತದೆ, ಅದರ ಜಾಗಕ್ಕೆ ಕಿಟಕಿ ಸಂದಿಯಿಂದ ಥಂಡಿ ನುಗ್ಗುತ್ತದೆ. ಬಿಗಿಯಾಗಿ ಕಟ್ಟಿದ ಹೊಸ ಮನೆಗಳಲ್ಲಿ ಇನ್ನೊಂದು ಫಜೀತಿ. ನಮ್ಮ ಮನೆಗಳಲ್ಲಿ ಒಗ್ಗರಣೆಗೆಂದು ಜೋರು ಎಗ್ಸಾಸ್ಟ್ ಫ್ಯಾನ್ ಹಾಕಿಸಿರುತ್ತೇವೆ. ಅದು ಪೂರ್ತಿ ವೇಗದಲ್ಲಿ ತಿರುಗಿದಾಗ ಫರ್ನೇಸಿನ ಎಳೆತ ಸೋಲುತ್ತದೆ, ವ್ಯಾಕ್ಯೂಮ್ ಸ್ವಿಚ್ ಕಡಿಯುತ್ತದೆ, ಹೊಗೆ ಒಳಗೂ ಬರಬಹುದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಒಂದು ರಾತ್ರಿಯೂ ಉರಿಸಬೇಡಿ.

ಇನ್ನು ಕಾಳು. ನೂರಕ್ಕೆ ಎಂಬತ್ತು ತೊಂದರೆ ಇಲ್ಲಿಂದಲೇ ಹುಟ್ಟುವುದು ಎಂದು ಧೈರ್ಯವಾಗಿ ಹೇಳುತ್ತೇನೆ. ತೇವಾಂಶ ಶೇ. 15 ಮೀರಬಾರದು, 11ರಿಂದ 13 ಸಿಕ್ಕರೆ ಭೇಷ್. ಹಸಿ ಕಾಳು ಉರಿಯದೇ ಇರುವುದಿಲ್ಲ, ಆದರೆ ನೀರನ್ನು ಆವಿ ಮಾಡುವುದಕ್ಕೇ ಶಾಖ ಹೋಗುತ್ತದೆ, ಗಾಜು ಮಸಿ ಹಿಡಿಯುತ್ತದೆ, ಹಾಪರ್‌ನಲ್ಲಿ ಅಂಟಿಕೊಂಡು ಕಮಾನು ಕಟ್ಟುತ್ತದೆ. ಮೇಲೆ ನೋಡಿದರೆ ಹಾಪರ್ ತುಂಬಿದೆ, ಒಳಗೆ ಆಗರ್ ಬರಿದೇ ತಿರುಗುತ್ತಿದೆ, ಬೆಂಕಿ ಸತ್ತಿದೆ. ಹಲ್ಲಲ್ಲಿ ಕಚ್ಚಿ ನೋಡುವುದನ್ನು ನಂಬಬೇಡಿ. ಎಲಿವೇಟರ್‌ಗೆ, ಅಂದರೆ ಅಲ್ಲಿನ ಧಾನ್ಯ ಗೋದಾಮಿಗೆ, ಒಂದು ಡಬ್ಬಿ ಕಾಳು ಒಯ್ದರೆ ನಿಮಿಷದಲ್ಲಿ ಅಳೆದು ಹೇಳುತ್ತಾರೆ.

ಅಲ್ಲಿ ‘ನಂಬರ್ 2’ ಹಳದಿ ಎಂದು ಮಾರುವ ದರ್ಜೆ ಇದೆಯಲ್ಲ, ಅದರ ಅರ್ಥ ತಿಳಿದಿರಲಿ. ಬುಷೆಲ್ ಅಳತೆಯ ಪಾತ್ರೆ ತುಂಬ ಹಾಕಿದ ಕಾಳು ಕನಿಷ್ಠ 54 ಪೌಂಡ್ ತೂಗಬೇಕು (ಮಾರುವಾಗ ಮಾತ್ರ ಬುಷೆಲ್ ಎಂದರೆ 56 ಪೌಂಡೇ). ಒಡೆದ ಕಾಳು, ಕಸ ಸೇರಿ ಶೇ. 3ರವರೆಗೆ ಇರಬಹುದು. ತೇವಾಂಶ ಆ ದರ್ಜೆಯ ಲೆಕ್ಕದಲ್ಲೇ ಇಲ್ಲ, ಬೇರೆಯಾಗಿ ಕೇಳಿಕೊಳ್ಳಬೇಕು. ಶೇ. 3 ಎಂದರೆ ನಿಮ್ಮ 260 ಬುಷೆಲ್‌ನಲ್ಲಿ ಸುಮಾರು 200 ಕಿಲೊ ನುಚ್ಚು ಮತ್ತು ಕಸ! ಅದೆಲ್ಲ ಉರಿಬಟ್ಟಲಿನ ತೂತು ಮುಚ್ಚುವ ಸರಕು. ಇಂಚಿನ ಹದಿನಾರರಲ್ಲಿ ಮೂರರಷ್ಟು ತೂತಿನ ಜರಡಿಯನ್ನು ಓರೆಯಾಗಿ ನಿಲ್ಲಿಸಿ, ಹಿಂದೆ ಒಂದು ಟೇಬಲ್ ಫ್ಯಾನಿಟ್ಟು ಕಾಳು ಜಾರಿಸಿ. ನುಚ್ಚು ಕೆಳಗೆ ಬೀಳುತ್ತದೆ, ಕಾಳಿನ ಬುಡದ ಕೆಂಪು ಹೊಟ್ಟು ಹಾರಿಹೋಗುತ್ತದೆ. ಹೊರಗೆ, ಮೂಗಿಗೆ ಮಾಸ್ಕ್ ಹಾಕಿಕೊಂಡು ಮಾಡಿ. ಬೂಷ್ಟು ಹಿಡಿದ ಕಾಳಿನ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಜೊಳ್ಳು ಕಾಳು ಅಗ್ಗಕ್ಕೆ ಸಿಗುತ್ತದೆ, ಆದರೆ ಆಗರ್ ತೂಕ ನೋಡಿ ತಳ್ಳುವುದಿಲ್ಲ, ಗಾತ್ರ ನೋಡಿ ತಳ್ಳುತ್ತದೆ. ಅದೇ ಸೆಟ್ಟಿಂಗಿನಲ್ಲಿ ಶಾಖ ಕಡಿಮೆ ಬರುತ್ತದೆ. ಹೊರಗೆ ಹಿಮದಲ್ಲಿದ್ದ ಕಾಳನ್ನು ನೇರ ಹಾಪರ್‌ಗೆ ಸುರಿದರೆ ಮೈ ಬೆವರಿ ಒದ್ದೆಯಾಗುತ್ತದೆ, ಮುಚ್ಚಳವಿರುವ ಡಬ್ಬಿಯಲ್ಲಿ ಹಿಂದಿನ ದಿನವೇ ಒಳಗೆ ತಂದಿಡಿ.

ಬಿತ್ತನೆಗೆಂದು ಬೀಜೋಪಚಾರ ಮಾಡಿದ ಕಾಳು, ಗುಲಾಬಿಯೋ ಹಸಿರೋ ಬಣ್ಣ ಬಳಿದದ್ದು, ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ. ಶಿಲೀಂಧ್ರನಾಶಕ, ಕೀಟನಾಶಕ ಸುಟ್ಟ ಹೊಗೆ ಅದು.

ಹೊತ್ತಿಸುವುದು. ಜೋಳ ಬೇಗ ಬೆಂಕಿ ಹಿಡಿಯುವ ಸ್ವಭಾವದ್ದಲ್ಲ. ಬಟ್ಟಲು ಖಾಲಿ ಇದೆ, ತೂತು ತೆರೆದಿವೆ ಎಂದು ನೋಡಿಕೊಂಡು ಒಂದೆರಡು ಹಿಡಿ ಮರದ ಪೆಲೆಟ್ ಹಾಕಿ, ಮೇಲೆ ಹೊತ್ತಿಸುವ ಜೆಲ್ ಸವರಿ, ಕಡ್ಡಿ ಗೀರಿ ಬಾಗಿಲು ಹಾಕಿ. ಸೀಮೆಎಣ್ಣೆ, ಪೆಟ್ರೋಲ್ ಹತ್ತಿರಕ್ಕೂ ತರಬೇಡಿ. ಜೆಲ್ಲನ್ನೂ ಉರಿಯುತ್ತಿರುವ ಬೆಂಕಿಗೆ ಮತ್ತೆ ಹಾಕಬಾರದು. ಪೆಲೆಟ್ ಕೆಂಡವಾದ ಮೇಲೆ ಕಾಳು ಬಿಡಿ, ಮೊದಲು ಸಣ್ಣಗೆ. ಹದಿನೈದು ಇಪ್ಪತ್ತು ನಿಮಿಷ ಅವಸರ ಮಾಡದೆ ಜ್ವಾಲೆ ನೋಡುತ್ತಾ ಕುಳಿತುಕೊಳ್ಳಿ. ಚುರುಕಾಗಿ ಕುಣಿಯುವ ತಿಳಿ ಹಳದಿ ಜ್ವಾಲೆ ಸರಿ. ಸೋಮಾರಿಯಾಗಿ ತೇಲುವ ಕಿತ್ತಳೆ ಜ್ವಾಲೆ, ತುದಿಯಲ್ಲಿ ಕಪ್ಪು ಹೊಗೆ ಕಂಡರೆ ಗಾಳಿ ಸಾಲದು ಎಂದರ್ಥ. ಕಾಳು ಬಟ್ಟಲಿನಿಂದ ಉರಿಯುತ್ತಲೇ ಹಾರಿ ಬೀಳುತ್ತಿದ್ದರೆ ಗಾಳಿ ಹೆಚ್ಚು. ಉರಿಗೆ ಗಾಳಿ ಬಿಡುವ ಡ್ಯಾಂಪರನ್ನು ಕೂದಲೆಳೆಯಷ್ಟು ತಿರುಗಿಸಿ ಹತ್ತು ನಿಮಿಷ ಕಾಯಿರಿ. ಒಮ್ಮೆಗೇ ಕಾಳು, ಗಾಳಿ ಎರಡನ್ನೂ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ.

ಈಗ ಕಿಟ್ಟದ ವಿಷಯ, ಕ್ಲಿಂಕರ್ ಅನ್ನುತ್ತಾರಲ್ಲ ಅದು. ಮರದ ಬೂದಿ ಉದುರುತ್ತದೆ, ಜೋಳದ ಬೂದಿ ಕರಗುತ್ತದೆ. ಕಾಳಿನ ಬೂದಿಯಲ್ಲಿ ಪೊಟ್ಯಾಶ್, ರಂಜಕ ಹೆಚ್ಚು, ಅವು ಬಟ್ಟಲಿನ ಬಿಸಿಗೆ ಬೆಲ್ಲದ ಪಾಕದಂತೆ ಮೆತ್ತಗಾಗಿ, ತಳದ ತಣ್ಣನೆ ಗಾಳಿ ತಾಗಿದಲ್ಲಿ ಗಟ್ಟಿ ಕೂರುತ್ತವೆ. ಹೊರತೆಗೆದು ನೋಡಿದರೆ ಬೂದುಬಣ್ಣದ ಗಾಜಿನಂಥ ಬಿಲ್ಲೆ. ಅಡಿಯಲ್ಲಿ ಬಟ್ಟಲಿನ ತೂತುಗಳ ಅಚ್ಚು ಮೂಡಿರುತ್ತದೆ, ಅಂಚಿನಲ್ಲಿ ಅರೆಬೆಂದ ಕರಿಕಾಳು ಕಚ್ಚಿಕೊಂಡಿರುತ್ತವೆ. ಆ ಅಚ್ಚು ಎಷ್ಟು ಸ್ಪಷ್ಟವೋ ತೂತು ಅಷ್ಟು ಮುಚ್ಚಿತ್ತು ಎಂದು ತಿಳಿಯಿರಿ. ಗಾಳಿ ಕಟ್ಟಿದ ಮೇಲೆ ಜ್ವಾಲೆ ಸೋಮಾರಿಯಾಗುತ್ತದೆ, ಕಾಳು ರಾಶಿ ಬೀಳುತ್ತದೆ, ಕೊನೆಗೆ ರಾಶಿ ಆಗರ್ ಬಾಯಿವರೆಗೆ ಏರುತ್ತದೆ.

ಬಟ್ಟಲಿನಲ್ಲಿ ಕಡೆಯುವ ಕೋಲು ಇರುವ ಯಂತ್ರಗಳು ಕಿಟ್ಟವನ್ನು ಕೂರಲು ಬಿಡದೆ ಒಡೆದು ಅಂಚಿನಾಚೆ ಚೆಲ್ಲುತ್ತವೆ. ನನ್ನ ಮಟ್ಟಿಗೆ ಜೋಳಕ್ಕೆ ಇದೇ ಸರಿ. ಕೋಲಿಲ್ಲದ್ದಾದರೆ ಕೈಯಿಂದಲೇ ತೆಗೆಯಬೇಕು, ಜೋರು ಚಳಿಯಲ್ಲಿ ದಿನಕ್ಕೆರಡು ಸಲ. ಕಾಳನ್ನು ಕನಿಷ್ಠಕ್ಕೆ ಇಳಿಸಿ ಹತ್ತು ನಿಮಿಷ ಬಿಡಿ, ಜ್ವಾಲೆ ಕೂರಲಿ. ಹೊಗೆ ಎಳೆಯುವ ಫ್ಯಾನು ನಿಲ್ಲಿಸಬೇಡಿ. ದಪ್ಪ ಚರ್ಮದ ಗ್ಲವ್ಸ್ ಹಾಕಿ ಬಾಗಿಲು ತೆರೆದು, ಕೊಕ್ಕೆಯಿಂದ ಬಿಲ್ಲೆಯನ್ನು ಬುಡದಿಂದ ಎಬ್ಬಿಸಿ ಬೂದಿ ತಟ್ಟೆಗೆ ಹಾಕಿ, ಉಳಿದ ಕೆಂಡವನ್ನು ಬಟ್ಟಲ ನಡುವೆ ಒಟ್ಟಿ ಬಾಗಿಲು ಮುಚ್ಚಿ. ಎರಡು ನಿಮಿಷದ ಕೆಲಸ. ಕಿಟ್ಟವನ್ನು ಬಟ್ಟಲಿನಲ್ಲೇ ಕುಟ್ಟಿ ಪುಡಿ ಮಾಡಲು ಹೋದರೆ ಪುಡಿಯೆಲ್ಲ ತೂತಿಗೇ ಇಳಿಯುತ್ತದೆ. ಬಿಲ್ಲೆ ಕಬ್ಬಿಣಕ್ಕೆ ಕಚ್ಚಿ ಬರಲೊಲ್ಲದು ಎಂದಾದರೆ ಪುಡಿ ಮಾಡಿದ ಸಿಂಪಿ ಚಿಪ್ಪು ಬೆರೆಸಿ, ಕೋಳಿ ಮೇವಿನ ಅಂಗಡಿಯಲ್ಲಿ ಚೀಲದಲ್ಲಿ ಸಿಗುತ್ತದೆ. 50 ಪೌಂಡ್ ಕಾಳಿಗೆ ಒಂದು ಲೋಟ ಸಾಕು. ಅದರ ಸುಣ್ಣ ಬೂದಿ ಕರಗುವ ಬಿಸಿಯನ್ನು ಮೇಲಕ್ಕೇರಿಸುತ್ತದೆ. ಅರ್ಧಕ್ಕರ್ಧ ಪೆಲೆಟ್ ಬೆರೆಸಿದರೂ ಕಿಟ್ಟ ಪುಡಿಪುಡಿಯಾಗಿ ಬರುತ್ತದೆ.

ಬೇರೆ ತೊಂದರೆಗಳು ಚಿಕ್ಕವು. ಆಗರ್ ಮೋಟಾರು ತಿರುಗುತ್ತಿದೆ, ಕಾಳು ಬೀಳುತ್ತಿಲ್ಲ ಎಂದರೆ ಕಲ್ಲೋ ದಿಂಡಿನ ಚೂರೋ ಸಿಕ್ಕಿ ಷಿಯರ್ ಪಿನ್ ಮುರಿದಿರುತ್ತದೆ. ಪಿನ್ ಮುರಿಯಲೆಂದೇ ಇರುವುದು, ಅದರ ಜಾಗಕ್ಕೆ ಗಟ್ಟಿ ಬೋಲ್ಟ್ ಹಾಕಿದರೆ ಮುಂದಿನ ಸಲ ಮೋಟಾರೇ ಹೋಗುತ್ತದೆ. ವ್ಯಾಕ್ಯೂಮ್ ಸ್ವಿಚ್ ಪದೇಪದೇ ಕಡಿಯುತ್ತಿದ್ದರೆ ಸ್ವಿಚ್ಚನ್ನು ಬೈಯುವ ಮೊದಲು ಹೊಗೆಯ ದಾರಿ ಮತ್ತು ಗಾಳಿ ನುಗ್ಗದಂತೆ ಬಾಗಿಲ ಅಂಚಿಗೆ ಕೂರಿಸಿದ ಹಗ್ಗ ನೋಡಿ. ಯಂತ್ರ ಆರಿರುವಾಗ ಬಾಗಿಲಲ್ಲಿ ಒಂದು ಡಾಲರ್ ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಜಾರಿ ಬಂದಲ್ಲಿ ಹಗ್ಗ ಸವೆದಿದೆ. ಸ್ವಿಚ್ಚಿನ ಎರಡು ತಂತಿ ಸೇರಿಸಿ ದಾಟಿಸಿಬಿಡುವುದನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ.

ಕರೆಂಟು ಹೋದರೆ ಎಲ್ಲ ನಿಲ್ಲುತ್ತದೆ. ಬಟ್ಟಲಲ್ಲಿರುವಷ್ಟು ಕಾಳು ಉರಿಯುತ್ತದೆ, ಆದರೆ ಹೊಗೆ ಎಳೆಯಲು ಫ್ಯಾನಿಲ್ಲ, ಸಂದಿಯಲ್ಲಿ ಮನೆಗೆ ಬರುತ್ತದೆ. ನಮ್ಮವರಿಗೆ ಯುಪಿಎಸ್ ಹೊಸದಲ್ಲ. ಸಣ್ಣ ಸ್ಟೋವಾದರೆ ನೂರೋ ಇನ್ನೂರೋ ವಾಟ್ ಎಳೆಯುತ್ತದೆ, ಒಂದು ಇನ್ವರ್ಟರ್ ಬ್ಯಾಟರಿ ಕೆಲವು ಗಂಟೆ ತಳ್ಳುತ್ತದೆ. ಡಕ್ಟಿನ ಫರ್ನೇಸ್‌ಗೆ ಅದು ಸಾಲದು, ಬೆಂಕಿಯನ್ನು ಸುರಕ್ಷಿತವಾಗಿ ಆರಿಸಿಕೊಳ್ಳುವಷ್ಟು ಹೊತ್ತು ಸಿಕ್ಕರೆ ಸಾಕೆಂದುಕೊಳ್ಳಿ.

ಬೂದಿ ಬುಷೆಲ್ಲಿಗೆ ಮುನ್ನೂರು ಗ್ರಾಂ ಚಿಲ್ಲರೆ, ಸೀಸನ್ನಿಗೆ 80–90 ಕಿಲೊ. ಮುಚ್ಚಳದ ಕಬ್ಬಿಣದ ಬಕೆಟ್ಟಿನಲ್ಲಿ ಮನೆಯಿಂದ ದೂರ, ಮರದ ಡೆಕ್ಕಿನ ಮೇಲಂತೂ ಅಲ್ಲವೇ ಅಲ್ಲ, ಮೂರು ದಿನ ಇಟ್ಟು ಆಮೇಲೆ ಚೆಲ್ಲಿ. ಪುಡಿಬೂದಿ ಹೂವಿನ ಪಾತಿಗೆ ತೆಳ್ಳಗೆ ಎರಚಬಹುದು, ಕಿಟ್ಟ ಬೇಡ.

ವಸಂತ ಬಂದಾಗ ಸುಮ್ಮನೆ ಆರಿಸಿ ಮರೆತವರ ಯಂತ್ರ ಮುಂದಿನ ಚಳಿಗೆ ತುಕ್ಕು ಹಿಡಿದಿರುತ್ತದೆ. ಒಳಗಂಟಿದ ಬೂದಿ ಬೇಸಿಗೆಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಕೊನೆಯ ಬಕೆಟ್ ಪೆಲೆಟ್ ಉರಿಸಿ, ಹಾಪರ್ ಮತ್ತು ಆಗರ್ ಪೂರ್ತಿ ಬರಿದು ಮಾಡಿ. ಪ್ಲಗ್ ಕಿತ್ತು, ತಣಿದ ಮೇಲೆ ಬಟ್ಟಲು, ಹೊಗೆಯ ದಾರಿ, ಫ್ಯಾನಿನ ರೆಕ್ಕೆ ಬ್ರಶ್ ಹಾಕಿ ಉಜ್ಜಿ, ಕೊಳವೆಗೆ ಉದ್ದ ಬ್ರಶ್ ಹಾಯಿಸಿ. ಸಾಮಾನ್ಯ ವ್ಯಾಕ್ಯೂಮ್ ಕ್ಲೀನರ್‌ಗೆ ಈ ಬೂದಿ ಹಾಕಬೇಡಿ, ಅಡಗಿದ ಒಂದು ಕೆಂಡ ಸಾಕು. ಕೊಳವೆಯ ಹೊರಬಾಯಿಗೆ ಮುಚ್ಚಳ ಹಾಕಿ, ಮೇಲೆ ಕಾಣುವಂತೆ ಒಂದು ಚೀಟಿ ಅಂಟಿಸಿ, ನವೆಂಬರ್‌ನಲ್ಲಿ ಮರೆತು ಹೊತ್ತಿಸುವವರಿದ್ದಾರೆ. ಉಳಿದ ಕಾಳಿಗೆ ಜೂನ್‌ಗೆಲ್ಲ ಹುಳ ಬೀಳುತ್ತದೆ, ಇಲಿ ಬರುತ್ತದೆ. ಹತ್ತಿಪ್ಪತ್ತು ಬುಷೆಲ್ ಮಿಕ್ಕರೆ ಕೊಟ್ಟವರಿಗೇ ವಾಪಸು ಕೊಡುವ ಮಾತನ್ನು ಅಕ್ಟೋಬರ್‌ನಲ್ಲಿ ಕೊಳ್ಳುವಾಗಲೇ ಆಡಿಕೊಳ್ಳಿ.